ಬಾಡಿಗೆ ಮನೆಯ ಪುಟ್ತಾಯಿ

ಹೋದ ಭಾನುವಾರ ಬೆಳಿಗ್ಗೆ ನಮ್ಮ ಮೇಲಿನ ಮನೆಯ ಬಾಲ್ಕನಿ ಗುಡಿಸುತ್ತಿದ್ದೆ. ಬೀದಿಯ ತುದಿಯಲ್ಲೊಂದು ಬಾದಾಮಿ ಮರವಿದೆ. ಪಾಯಸಕ್ಕೆ ಹಾಕುವ ಬಾದಾಮಿಯಲ್ಲ; ಅಂಗೈಗಿಂತ ಅಗಲದ ಎಲೆ ಬಿಡುವ, ಶಾಲೆ ಆಸ್ಪತ್ರೆಗಳ ಮುಂದೆ ನೆರಳಿಗೆಂದು ನೆಡುವ ಮರ. ಅದರ ಕೆಂಪಗೆ ಒಣಗಿದ ಎಲೆಗಳು ಹಾರಿ ಬಂದು ಮೂಲೆಯಲ್ಲಿ ನಿಂತ ನೀರಿನಲ್ಲಿ ನೆನೆದಿದ್ದವು. ಪೊರಕೆ ತಾಗಿದ್ದೇ ತಡ, ಹಳಸಿದ ಡಿಕಾಕ್ಷನ್ನಿನಂಥ ವಾಸನೆ ಮೇಲೆದ್ದಿತು. ನನ್ನ ಮೂಗನ್ನು ನೀವು ನಂಬಬೇಕು. ಬೇರೆಲ್ಲ ವಿಷಯದಲ್ಲಿ ನಾನು ಸಾಮಾನ್ಯಳು, ಮೂಗಿನ ವಿಷಯದಲ್ಲಿ ಮಾತ್ರ ಪೊಲೀಸ್ ನಾಯಿಗೆ ಕಡಿಮೆಯಿಲ್ಲ. ಇದು ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಬಾಡಿಗೆ ಮನೆಗಳು ಕಲಿಸಿದ್ದು. ಆ ವಾಸನೆ ಬಂದ ಕೂಡಲೇ "ಪುಟ್ತಾಯಿ!" ಎಂದುಬಿಟ್ಟೆ, ಗಟ್ಟಿಯಾಗಿಯೇ. ಕೆಳಗಿನಿಂದ ಅವ್ವ, "ಯಾರೇ ಬಂದೋರು?" ಅಂದಳು.

ಯಾರೂ ಬಂದಿರಲಿಲ್ಲ, ಬರುವವರಿದ್ದರು. ಮನೆ ಬಾಡಿಗೆಗಿದೆ ಎಂದು ಗೇಟಿಗೆ ಬೋರ್ಡು ಕಟ್ಟಿದ್ದೆ. ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ನೋಡಲು ಬರುತ್ತೇವೆಂದು ಫೋನು ಮಾಡಿದ್ದರು. ಅವರ ಮಾತು ಆಮೇಲೆ. ಮೊದಲು ಪುಟ್ತಾಯಿ ಯಾರೆಂದು ಹೇಳುತ್ತೇನೆ. ಪುಟ್ತಾಯಿ ಒಂದು ಮೀನು. ಫೈಟರ್ ಎನ್ನುತ್ತಾರಲ್ಲ, ಆ ಜಾತಿಯ ಹೆಣ್ಣು. ತೊಂಬತ್ತರ ದಶಕದ ಕೊನೆಯಲ್ಲಿ, ನಂಜನಗೂಡಿನ ಒಂದು ಬಾಡಿಗೆ ಮನೆಯಲ್ಲಿ ನಾನೂ ಅವ್ವನೂ ಇರುವುದೋ ಬೀದಿಗೆ ಬೀಳುವುದೋ ಎಂಬುದು ಕೆಲವು ತಿಂಗಳು ಆ ಹೆಬ್ಬೆರಳುದ್ದದ ಮೀನಿನ ಕೈಯಲ್ಲಿತ್ತು. ಮೀನಿಗೆ ಕೈಯೆಲ್ಲಿಂದ ಬಂತು ಎಂದು ಕೇಳಬೇಡಿ, ನಾನು ಟೀಚರು, ಅಂಥ ಪ್ರಶ್ನೆ ದಿನಾ ಕೇಳಿಸಿಕೊಂಡವಳು.

ಆಗ ನಾನು ಬಿಳಿಗೆರೆ ಕಡೆಯ ಒಂದು ಪ್ರೈಮರಿ ಶಾಲೆಗೆ ಹೊಸದಾಗಿ ಬಂದಿದ್ದೆ. ನಮ್ಮೂರು ಮೂಗೂರು. ಅಪ್ಪ ತೀರಿಕೊಂಡಿದ್ದರು, ಅವ್ವ ನನ್ನ ಜೊತೆಗಿದ್ದಳು. ಬಾಡಿಗೆಗೆ ಮನೆ ತೋರಿಸುವ ಜನ ಜಾತಿ ಕೇಳುವುದಿಲ್ಲ, ಅಷ್ಟು ಒರಟರಲ್ಲ. "ನಿಮ್ಮನೆ ದೇವ್ರು ಯಾವ್ದು?" ಎನ್ನುತ್ತಾರೆ. ಎಷ್ಟು ನಯವಾದ ಪ್ರಶ್ನೆ ನೋಡಿ! ಉತ್ತರ ಕೊಟ್ಟರೆ ಮುಗಿಯಿತು: ನೀವು ಊರಿನ ಯಾವ ಬೀದಿಯವರು, ನಿಮ್ಮ ಒಲೆಯ ಮೇಲೆ ಏನು ಬೇಯುತ್ತದೆ, ಎಲ್ಲವೂ ಬಯಲು. ನಮ್ಮ ಮನೆಯಲ್ಲೋ, ಅಪ್ಪ ಇದ್ದಾಗಿನಿಂದ ಇದ್ದದ್ದು ಬುದ್ಧನ ಪಟ ಒಂದೇ. ಅದನ್ನು ಇದ್ದ ಹಾಗೆ ಹೇಳಿದ ಕಡೆಯೆಲ್ಲ, "ಅಯ್ಯೋ, ನಮ್ ಅಳಿಯಂಗೆ ಇಲ್ಲಿಗೇ ಟ್ರಾನ್ಸ್‌ಫರ್ ಆಗೋಯ್ತು ಕಣಮ್ಮ, ಅವ್ರೇ ಬತ್ತಾರೆ" ಎಂದು ಬಾಗಿಲು ಮುಚ್ಚಿದರು. ನಂಜನಗೂಡಿನ ಅಳಿಯಂದಿರಿಗೆ ಆದಷ್ಟು ಟ್ರಾನ್ಸ್‌ಫರು ಸರ್ಕಾರದಲ್ಲಿ ಇನ್ಯಾರಿಗೂ ಆಗಿರಲಾರದು. ಆಮೇಲೆ ನಾನೂ ಕಲಿತೆ. ದೇವರು ಯಾವುದೆಂದರೆ "ನಂಜುಂಡೇಶ್ವರ" ಎನ್ನುತ್ತಿದ್ದೆ. ಊರಿಗೆಲ್ಲ ಸೇರಿದ ದೇವರು, ಯಾರೂ ಅಲ್ಲಗಳೆಯುವ ಹಾಗಿಲ್ಲ. ಬುದ್ಧನ ಪಟ ಅವ್ವನ ಹಳೇ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನ ತಳ ಸೇರಿತು. ಹೀಗೆ ಬೆಕ್ಕು ಮರಿ ಕಚ್ಚಿಕೊಂಡು ಏಳು ಮನೆ ತಿರುಗಿದ ಹಾಗೆ ತಿರುಗಿ, ಕೊನೆಗೆ ಗಿರಿಜಮ್ಮನವರ ಮನೆಗೆ ಬಂದೆವು.

ಗಿರಿಜಮ್ಮನವರು ಒಂಟಿ ಹೆಂಗಸು, ಗಂಡ ಹೋಗಿ ಬಹಳ ಕಾಲವಾಗಿತ್ತು. ರೈಲ್ವೆ ಸ್ಟೇಷನ್ ಕಡೆಯ ಬೀದಿಯಲ್ಲಿ ಮುಂದಿನ ಮನೆ ಅವರದು, ಹಿತ್ತಲಿಗೆ ಅಂಟಿದ ಎರಡು ಕೋಣೆ ನಮ್ಮದು. ನಡುವೆ ಒಂದು ನೀರಿನ ತೊಟ್ಟಿ, ನಾಲ್ಕಾರು ರಸಬಾಳೆ ಗಿಡ. ನಾವು ಒಳಗೆ ಹೋಗಬೇಕಾದರೂ ಹೊರಗೆ ಬರಬೇಕಾದರೂ ಅವರ ಜಗಲಿ ದಾಟಬೇಕು. ಅಲ್ಲಿ ಅವರು ದಪ್ಪ ಕನ್ನಡಕ ಹಾಕಿಕೊಂಡು ಚೆಕ್‌ಪೋಸ್ಟಿನ ಹಾಗೆ ಕೂತಿರುತ್ತಿದ್ದರು. "ಹೆಡ್‌ಮೇಷ್ಟ್ರು ಹೇಳಿದ್ರು ಅಂತ ಕೊಡ್ತಿದೀನಿ ಕಣಮ್ಮ. ಮೊಟ್ಟೆ ಗಿಟ್ಟೆ ಅಂತ ಏನಾದ್ರೂ ವಾಸ್ನೆ ಬಂತೋ, ಅವತ್ತೇ ಖಾಲಿ ಮಾಡ್ಬೇಕು" ಎಂದು ಮೊದಲ ದಿನವೇ ಹೇಳಿದ್ದರು. ಕೆಟ್ಟವರೆಂದು ಹೇಳಲಾರೆ. ಬಾಳೆಗೊನೆ ಹಣ್ಣಾದರೆ ನಮಗೂ ಒಂದು ಚಿಪ್ಪು ಬರುತ್ತಿತ್ತು. ಆದರೆ ಕೈಗೆ ಕೊಡುತ್ತಿರಲಿಲ್ಲ, ತೊಟ್ಟಿಯ ಕಟ್ಟೆಯ ಮೇಲಿಟ್ಟು "ತಗೊಳಮ್ಮ" ಎನ್ನುತ್ತಿದ್ದರು. ಅದು ಮಡಿಯೋ, ನಮ್ಮ ಮೇಲಿನ ಅನುಮಾನವೋ ಎಂದು ನಾನು ಹಣ್ಣು ಸುಲಿಯುವಾಗಲೆಲ್ಲ ಯೋಚಿಸುತ್ತಿದ್ದೆ. ಹಣ್ಣೇನೋ ಬಲು ರುಚಿಯಾಗಿರುತ್ತಿತ್ತು.

ಅವ್ವನಿಗೆ ಮೀನಿಲ್ಲದೆ ಬದುಕು ಸಪ್ಪೆ. ಅದಕ್ಕೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಭಾನುವಾರ ಬಂತೆಂದರೆ ತಿರುಮಕೂಡಲು ನರಸೀಪುರದ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಹೋಗುವುದು. ಹೊಳೆಯ ಗೆಂಡೆ ಮೀನಿನ ಸಾರು, ಮುದ್ದೆ, ಎರಡು ಹುರಿದ ತುಂಡು. ಉಂಡಾದ ಮೇಲೆ ಶುರು ನಮ್ಮ ನಿಜವಾದ ಕೆಲಸ. ಸೋಪು ಹಾಕಿ ಕೈ ತೊಳೆಯುವುದು, ನಿಂಬೆಹಣ್ಣಿನ ಹೋಳಿನಿಂದ ಬೆರಳ ಸಂದಿ, ಉಗುರ ಸಂದಿ ಉಜ್ಜುವುದು, ಎಲೆಯಡಿಕೆ ಅಗಿಯುವುದು, ಸೀರೆಯ ಸೆರಗು ಮೂಸಿ ನೋಡುವುದು. "ಮೂಸೇ ನನ್ನ" ಎಂದು ಅವ್ವ ಅಂಗೈ ನನ್ನ ಮೂಗಿಗೆ ಹಿಡಿಯುವಳು. ನಾನು ಮೂಸುವೆ, ಆಮೇಲೆ ಅವಳು ನನ್ನನ್ನು ಮೂಸುವಳು. ಚಿಕ್ಕಮ್ಮ ನಗುವಳು, "ಅಲ್ಲಾ ಕಣಕ್ಕ, ಕದ್ದು ತಿಂದೋರಂಗೆ ಆಡ್ತೀರಲ್ಲ, ದುಡ್ಡು ಕೊಟ್ಟೇ ತಂದಿದ್ದೀನಿ ಮೀನ!" ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಜಗಲಿಯ ಮುಂದೆ ಹಾಯುವಾಗ ಮಾತ್ರ ಉಸಿರು ಬಿಗಿಹಿಡಿಯುತ್ತಿದ್ದೆ. "ಊರಿಂದ ಬಂದ್ರಾ?" ಎಂದು ಗಿರಿಜಮ್ಮ ಕೇಳುವರು, ಮೂಗಿನ ಹೊಳ್ಳೆ ಸ್ವಲ್ಪ ಅಗಲವಾಗುವುದು ನನಗೆ ಕಾಣುತ್ತಿತ್ತು. ಕಂಡಿತೋ, ನನ್ನ ಭ್ರಮೆಯೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಿರಾಕಿ ನಾನು.

ಇಂಥ ಒಂದು ಭಾನುವಾರ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಪ್ಲಾಸ್ಟಿಕ್ ಕವರಿನಲ್ಲಿ ಬಣ್ಣದ ಮೀನು ಮಾರುತ್ತಿದ್ದ. ಉದ್ದ ಬಾಲದ ನೀಲಿ, ಕೆಂಪು ಗಂಡುಗಳೆಲ್ಲ ಖರ್ಚಾಗಿ, ತುಕ್ಕಿನ ಬಣ್ಣದ, ಮೋಟು ಬಾಲದ ಒಂದೇ ಒಂದು ಮೀನು ಉಳಿದಿತ್ತು. "ಹೆಣ್ಣು ಫೈಟರ್ ಕಣಮ್ಮ, ಬಣ್ಣ ಇಲ್ಲ ಅಂತ ಯಾರೂ ತಗೊಳಲ್ಲ. ಒಣಗಿದ ಬಾದಾಮಿ ಎಲೆ ಹಾಕಿ, ಆರಾಮಾಗಿರ್ತದೆ" ಅಂದ. ಅವ್ವ ಬಗ್ಗಿ ನೋಡಿದಳು. ಮೀನು ಕವರಿನ ಗೋಡೆಗೆ ಬಂದು ಅವ್ವನನ್ನು ನೋಡಿತು. ಅಷ್ಟೇ, ನಾನು ಬೇಡ ಬೇಡ ಎನ್ನುತ್ತಿರುವಾಗಲೇ ವ್ಯಾಪಾರ ಮುಗಿದುಹೋಯಿತು. ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ ಕೂತು ನಾನು ತಲೆ ಚಚ್ಚಿಕೊಂಡೆ. ಮೀನು ತಿಂದು, ಕೈಬಾಯಿಗೆ ನಿಂಬೆಹಣ್ಣು ಉಜ್ಜಿ, ಕೊನೆಗೆ ಮೀನನ್ನೇ ಕೈಯಲ್ಲಿ ಹಿಡಿದು ಚೆಕ್‌ಪೋಸ್ಟು ದಾಟುವ ಬುದ್ಧಿವಂತೆಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

"ಇದೇನಮ್ಮ ಇದು?" ಗಿರಿಜಮ್ಮ ಎದ್ದೇ ನಿಂತರು.

"ಮೀನು ಕಣ್ರವ್ವ, ಸಾಕಕ್ಕೆ" ಅಂದಳು ಅವ್ವ.

"ಸಾಕಿ?"

"ಸಾಕಿ ಏನು? ಸಾಕೋದೇಯ."

"ಕೋಳೀನೂ ಸಾಕ್ತಾರೆ" ಅಂದರು ಗಿರಿಜಮ್ಮ. ಅವರ ಕನ್ನಡಕದ ಹಿಂದೆ ಲೆಕ್ಕ ಓಡುವುದು ನನಗೆ ಕಂಡಿತು. ಅವರ ಪ್ರಕಾರ ಜಗತ್ತಿನಲ್ಲಿ ಮೀನನ್ನು ತಿನ್ನದೆ ಸುಮ್ಮನೆ ನೋಡಲು ಮನೆಗೆ ತರುವ ಜನವೇ ಇರಲಿಲ್ಲ. ನಾವು ಅದನ್ನು ಬೆಳೆಸುತ್ತಿದ್ದೇವೆ, ಒಂದು ದಿನ ಸಾರಿಗೆ ಹಾಕುತ್ತೇವೆ, ಹಾಕಿದ ದಿನ ಜಾಡಿ ಖಾಲಿಯಾಗುತ್ತದೆ, ಅವತ್ತು ನಾವು ಯಾರೆಂಬುದು ಸಾಕ್ಷಿ ಸಮೇತ ಗೊತ್ತಾಗುತ್ತದೆ. ಮರುದಿನದಿಂದ ದಿನಾ ಬೆಳಿಗ್ಗೆ "ಒಂಚೂರು ಹುಣಿಸೆಹಣ್ಣು ಇದ್ಯಾ?" ಎಂದೋ "ನಲ್ಲಿ ಬಂತಾ?" ಎಂದೋ ಬಂದು, ಮೊದಲು ಕಿಟಕಿಕಟ್ಟೆಯ ಗಾಜಿನ ಜಾಡಿ ನೋಡುವರು. ಮೀನು ಇದ್ದರೆ ಹೋಗುವರು. ಹುಣಿಸೆಹಣ್ಣು ಮರೆತೇ ಹೋಗುವರು. ಮೀನು ಇರುವವರೆಗೆ ಮನೆ ಎಂಬುದು ನನಗೆ ಖಾತ್ರಿಯಾಯಿತು. ಕವಡೆ ಹಾಕಿ ಭವಿಷ್ಯ ನೋಡುವವರ ಹಾಗೆ ನಾನೂ ಎದ್ದ ಕೂಡಲೇ ಜಾಡಿ ನೋಡತೊಡಗಿದೆ.

ಅವ್ವ ಅದಕ್ಕೆ ಪುಟ್ತಾಯಿ ಎಂದು ಹೆಸರಿಟ್ಟಳು. ನಾನು ಮೀನೆಂದರೆ ಬಾಯಿ ತೆರೆದು ಮುಚ್ಚುವ ಪ್ರಾಣಿ ಎಂದುಕೊಂಡಿದ್ದೆ. ಪುಟ್ತಾಯಿ ನನಗಿಂತ ಅನುಮಾನದವಳು. ಹೊಸ ಬಾದಾಮಿ ಎಲೆ ಹಾಕಿದರೆ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಮೂತಿಯಿಂದ ಒಮ್ಮೆ ತಿವಿದು, ಸರಕ್ಕನೆ ಹಿಂದೆ ಸರಿದು, ಏನೂ ಆಗಲಿಲ್ಲವೆಂದು ಗೊತ್ತಾದ ಮೇಲೆ ಅದರಡಿ ಸೇರಿಕೊಳ್ಳುವಳು. ಯಾರು ಒಳಗೆ ಬಂದರೂ ಗಾಜಿಗೆ ಬಂದು ನಿಂತು ಒಂದು ಕಣ್ಣಲ್ಲಿ ಅವರನ್ನು, ಇನ್ನೊಂದರಲ್ಲಿ ಬಾಗಿಲನ್ನು ನೋಡುವಳು. ಹೆದರಿದರೆ ಮೈ ಬಿಳಿಚಿ, ತಲೆಯಿಂದ ಬಾಲದವರೆಗೆ ಗೆರೆ ಮೂಡುತ್ತಿತ್ತು. "ಗೆರೆ ಬಂದವೆ, ಇವತ್ತು ಅವ್ಳ ಮನ್ಸು ಸರೀಗಿಲ್ಲ" ಎಂದು ಅವ್ವ ಹೇಳಿದರೆ ಅವತ್ತು ಏನೋ ಒಂದು ಆಗಿಯೇ ಇರುತ್ತಿತ್ತು. ನಾನು ಜಾಡಿ ಸರಿಸಿರುತ್ತಿದ್ದೆ, ಇಲ್ಲವೇ ಪಕ್ಕದವರ ಬೆಕ್ಕು ಬಂದಿರುತ್ತಿತ್ತು. ನಿದ್ದೆ ಬಂದರೆ ಎಲೆಯ ಮೇಲೆ ಅಡ್ಡಡ್ಡ ಮಲಗುವಳು. ಮೊದಲ ಸಲ ಅದನ್ನು ಕಂಡು, ಸತ್ತೇಹೋಯಿತು, ಮನೆಯೂ ಹೋಯಿತು ಎಂದು ನಾನು ಅತ್ತುಬಿಟ್ಟೆ. ಬೆರಳಿಂದ ಗಾಜು ತಟ್ಟಿದ್ದಕ್ಕೆ ಎದ್ದು, ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು, ನನ್ನತ್ತ ತಿರುಗಿ ನೋಡಿದಳು. ನಿದ್ದೆಗೆಡಿಸಿದವರನ್ನು ನನ್ನ ಅಜ್ಜಿ ಹಾಗೆಯೇ ನೋಡುತ್ತಿದ್ದಳು.

ಗಿರಿಜಮ್ಮನವರನ್ನು ಕಂಡರಂತೂ ಅವಳಿಗೆ ಆಗುತ್ತಲೇ ಇರಲಿಲ್ಲ. ಅವರು ಕನ್ನಡಕ ಸಮೇತ ಜಾಡಿಗೆ ಬಗ್ಗಿದರೆ, ಆ ಗಾಜಿನಲ್ಲಿ ತನ್ನ ನೆರಳೇ ಕಾಣುತ್ತಿತ್ತೋ ಏನೋ, ಕಿವಿರು ಅಗಲಿಸಿ, ಕತ್ತಿನ ಸುತ್ತ ಕಪ್ಪು ಕೊರಳಪಟ್ಟಿ ಕಟ್ಟಿಕೊಂಡವಳ ಹಾಗೆ ಉಬ್ಬಿ ಮೇಲೆ ಬರುವಳು. "ಅಬ್ಬಬ್ಬಾ, ಕೊಬ್ಬು ನೋಡಮ್ಮ ಇದ್ರದ್ದು!" ಎಂದು ಗಿರಿಜಮ್ಮ ಹಿಂದೆ ಸರಿದು ಮತ್ತೆ ಬಗ್ಗುವರು. ಒಂದು ದಿನ ಅನ್ನದ ಅಗುಳು ತಂದು ಹಾಕಿದರು. ಪುಟ್ತಾಯಿ ಬಾಯಿಗೆ ತೆಗೆದುಕೊಂಡು, ತೂ ಎಂದು ಉಗುಳಿದಳು. ಅವ್ವ ತೊಟ್ಟಿಯಿಂದ ಸೊಳ್ಳೆಮರಿ ಹಿಡಿದು ಬಿಟ್ಟಾಗ ನೋಡಬೇಕಿತ್ತು, ಪಟಕ್ ಪಟಕ್ ಎಂದು ಒಂದೂ ಬಿಡದೆ ನುಂಗಿದಳು. ಗಿರಿಜಮ್ಮ "ಶಿವಶಿವಾ" ಎಂದು ಎದ್ದು ಹೋದರು. ಕೆಲವು ದಿನ ಕಳೆದ ಮೇಲೆ ಅವರೇ ಒಂದು ಲೋಟದಲ್ಲಿ ನೀರು ತಂದು ಜಾಡಿಗೆ ಸುರಿದರು. ಲೋಟದಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. "ತೊಟ್ಟಿ ತೊಳೀತಿದ್ದೆ, ಸುಮ್ನೆ ಚೆಲ್ಲೋದ್ಯಾಕೆ ಅಂತ" ಅಂದರು, ನನ್ನ ಮುಖ ನೋಡದೆ. ನನಗೆ ಇನ್ನೂ ಅನುಮಾನ ಹೆಚ್ಚಾಯಿತು. ಮೀನನ್ನು ಬೇಗ ಬೆಳೆಸಿ, ನಮ್ಮನ್ನು ಬೇಗ ಹಿಡಿಯುವ ಯೋಚನೆಯೇ ಎಂದು.

ಅನುಮಾನದವರು ಸುಮ್ಮನೆ ಕೂರುವುದಿಲ್ಲ. ಪುಟ್ತಾಯಿಗೆ ಏನಾದರೂ ಆದರೆ ಇರಲೆಂದು, ಅದೇ ಬಸ್‌ಸ್ಟ್ಯಾಂಡಿನಿಂದ ಅದೇ ಬಣ್ಣದ ಇನ್ನೊಂದು ಹೆಣ್ಣು ತಂದೆ, ಲಾರಿಗೆ ಸ್ಟೆಪ್ನಿ ಇಟ್ಟ ಹಾಗೆ. ಅವಳಿಗೆ ಆ ಹೆಸರೇ ಉಳಿಯಿತು. ಇಬ್ಬರೂ ಹೆಂಗಸರು, ಹೊಂದಿಕೊಂಡು ಹೋಗುತ್ತಾರೆಂದು ಒಂದೇ ಜಾಡಿಗೆ ಬಿಟ್ಟೆ. ಹೊಂದಿಕೆಯೇ! ಪುಟ್ತಾಯಿ ಅವಳನ್ನು ಮೂಲೆಯಿಂದ ಮೂಲೆಗೆ ಅಟ್ಟಿ, ಬಾಲದ ತುದಿ ಹರಿದು, ಎಲೆಯಡಿಗೂ ಬಿಡದೆ ಕಾಡಿದಳು. "ಮನೆ ಯಾರ್ದು ಅಂತ ಗೊತ್ತು ಅವ್ಳಿಗೆ" ಎಂದಳು ಅವ್ವ. ಸ್ಟೆಪ್ನಿ ಹಾರ್ಲಿಕ್ಸ್ ಬಾಟಲಿಗೆ ಹೋಗಿ, ಬಾಟಲಿ ಕಪಾಟಿನ ಮೇಲೆ ಹೋಯಿತು. ಅವಳದು ಪೂರಾ ಬೇರೆ ಸ್ವಭಾವ. ಅಂಜುಬುರುಕಿ, ನೆರಳು ಬಿದ್ದರೆ ತಳ ಸೇರುವಳು, ಆದರೆ ಯಾರೂ ಇಲ್ಲದಾಗ ಬಲು ಚಂದ ಆಡುವಳು.

ಒಂದು ರಜೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಜಾಡಿಯಲ್ಲಿ ಎಲೆ ಇದೆ, ನೀರಿದೆ, ಪುಟ್ತಾಯಿ ಇಲ್ಲ. ಮೇಲೆ ಮುಚ್ಚಿದ್ದ ತಟ್ಟೆ ಅರ್ಧ ಸರಿದಿತ್ತು. ಈ ಜಾತಿಯವು ಹಾರುತ್ತವೆಂದು ಮಾರಿದವನು ಹೇಳಿರಲಿಲ್ಲ. ಮಂಚದಡಿ, ಒಲೆಯ ಹಿಂದೆ, ಚಾಪೆಯ ಕೆಳಗೆ, ಎಲ್ಲ ಹುಡುಕಿದೆ. ಬೆಕ್ಕು ಬಂದಿತ್ತೇ? ಗಿರಿಜಮ್ಮನೇ ಎತ್ತಿ ಹೊರಗೆ ಹಾಕಿ, ಈಗ ಏನೂ ಗೊತ್ತಿಲ್ಲದವರ ಹಾಗೆ ಬರುತ್ತಾರೆಯೇ? ಅಷ್ಟರಲ್ಲಿ ಹಿತ್ತಲಲ್ಲಿ ಅವರ ಚಪ್ಪಲಿಯ ಸದ್ದಾಯಿತು. ಕಪಾಟಿನ ಮೇಲಿಂದ ಬಾಟಲಿ ಎಳೆದು ಸ್ಟೆಪ್ನಿಯನ್ನು ಜಾಡಿಗೆ ಸುರಿದೆ. ಒಂದೇ ಬಣ್ಣ, ಒಂದೇ ಅಳತೆ, ಹರಿದ ಬಾಲವೂ ಕೂಡಿಕೊಂಡಿತ್ತು. ನನಗೇ ವ್ಯತ್ಯಾಸ ತಿಳಿಯುವಂತಿರಲಿಲ್ಲ.

ಗಿರಿಜಮ್ಮ ಬಂದರು, ಬಗ್ಗಿದರು. ಸ್ಟೆಪ್ನಿ ಗೆರೆ ಮೂಡಿಸಿಕೊಂಡು ಎಲೆಯಡಿ ಓಡಿದಳು. ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದು ಪುಟ್ತಾಯಿ ಅಲ್ಲ" ಅಂದರು.

"ಅದೇ ಅಲ್ವಾ ಅಮ್ಮ, ನೋಡಿ..."

"ನಂಗೆ ಹೇಳ್ಬೇಡ. ಪುಟ್ತಾಯಿ ನನ್ ಕಂಡ್ರೆ ಮುಖ ಅಗಲಿಸ್ಕೊಂಡು ಜಗಳಕ್ಕೆ ಬತ್ತಾಳೆ. ಇದು ಯಾರೋ ಬೇರೆ. ಅವಳೆಲ್ಲಿ? ಏನ್ ಮಾಡಿದ್ರಿ ಅವಳ್ನ?"

ಅವರು ನೇರ ಅಡುಗೆಮನೆಗೆ ನುಗ್ಗಿದರು. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿದರು, ಬಸ್ಸಾರು. ಪಕ್ಕದ್ದು ಎತ್ತಿದರು, ಸೊಪ್ಪಿನ ಪಲ್ಯ. ಸೌಟು ತೆಗೆದುಕೊಂಡು ಬಸ್ಸಾರಿನ ತಳ ಕೆದಕಿ ನೋಡಿದರು. ಅಪ್ಪ ಹೋದಾಗಲೂ ನನಗೆ ಅಷ್ಟು ಅಳು ಬಂದಿರಲಿಲ್ಲ. ನಮ್ಮ ಅಡುಗೆಯೊಳಗೆ ಇನ್ನೊಬ್ಬರು ಸೌಟು ಹಾಕಿ ಹುಡುಕುವುದನ್ನು ನಿಂತು ನೋಡಬೇಕು, ಯಾಕೆಂದರೆ ಮನೆ ಅವರದು.

ಅಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದ ಅವ್ವ ಮುಂದೆ ಬಂದು ಅವರ ಕೈಯಿಂದ ಸೌಟು ತೆಗೆದುಕೊಂಡಳು.

"ಸಾಕು ಬುಡ್ರವ್ವ. ನಾವು ಮೀನು ತಿನ್ನೋ ಜನವೇಯ. ಭಾನುವಾರ ಭಾನುವಾರ ನರಸೀಪುರಕ್ಕೆ ಓಗಿ, ತಿಂದ್ಕೊಂಡು, ಕೈಗೆ ನಿಂಬೆಹಣ್ಣು ಉಜ್ಕೊಂಡು ಬತ್ತೀವಿ, ನಿಮ್ ಮೂಗಿಗೆ ಎದ್ರಿ. ಆದ್ರೆ ಪುಟ್ತಾಯಿ ಅಂತ ಎಸ್ರಿಟ್ಟು ಕೂಗಿದ್ ಮೀನ ತಿನ್ನೋ ಜನ ಅಲ್ಲ ಕಣ್ರವ್ವ ನಾವು. ಇನ್ನೂ ನೋಡ್ಬೇಕು ಅಂದ್ರೆ ನೋಡ್ಕೊಳಿ, ಟ್ರಂಕೂ ತೆಗೀತೀನಿ."

ಗಿರಿಜಮ್ಮ ಕೈ ತೊಳೆಯಲೆಂದೋ ಏನೋ ಈಚೆಗೆ ಬಂದು, ಜಾಡಿಯಿದ್ದ ಕಿಟಕಿಯ ಕೆಳಗೆ ತುಂಬಿಟ್ಟಿದ್ದ ಕಪ್ಪು ಬಕೀಟಿಗೆ ಬಗ್ಗಿ ಚೊಂಬು ಅದ್ದಿದರು, ಅದ್ದಿದ ಹಾಗೇ ನಿಂತರು. ಆ ಕಪ್ಪು ತಳದಿಂದ ಪುಟ್ತಾಯಿ ಮೇಲೆ ಬರುತ್ತಿದ್ದಳು. ಕನ್ನಡಕವನ್ನು ನೋಡಿದಳು, ಕಿವಿರು ಅಗಲಿಸಿದಳು, ಉಬ್ಬಿ ನಿಂತಳು.

"ಅಯ್ಯೋ ನನ್ನವ್ವ, ಇದ್ದೀಯಾ!" ಎಂದು ಗಿರಿಜಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರಿತ್ತು. ಅದನ್ನು ನಾನು ಕಣ್ಣಾರೆ ಕಂಡೆ, ಅದರಲ್ಲಿ ಅನುಮಾನವಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನೀವು ಅಂದುಕೊಂಡರೆ, ನೀವು ಬಾಡಿಗೆ ಮನೆಯಲ್ಲಿ ಇದ್ದವರಲ್ಲ. ಮುಂದಿನ ತಿಂಗಳು ಗಿರಿಜಮ್ಮ ಜಗಲಿಯಿಂದಲೇ, ಬಾಳೆಗಿಡದ ಕಡೆ ನೋಡುತ್ತ ಹೇಳಿದರು: "ನಮ್ ಅಳಿಯಂಗೆ ಇಲ್ಲಿಗೇ ಟ್ರಾನ್ಸ್‌ಫರ್ ಆಗೈತೆ ಕಣಮ್ಮ." ಆಮೇಲೆ, "ನೀವು ಹೋಗೋವಾಗ... ಪುಟ್ತಾಯೀನ ಬಿಟ್ಟೋಗ್ತೀರಾ? ನಂಗೆ ಅಭ್ಯಾಸ ಆಗೋಗಿದೆ" ಅಂದರು.

ನನಗೆ ಉರಿದುಹೋಯಿತು. ಮೀನು ಇರಬಹುದಂತೆ, ಮೀನು ತಿನ್ನುವವರು ಇರಬಾರದಂತೆ! ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು, "ಪುಟ್ತಾಯೀನೂ ನಮ್ ಪೈಕಿಯೋಳೇ ಅಲ್ವುರಾ? ಅವ್ಳೂ ಸೊಪ್ಪುಸದೆ ತಿನ್ನಲ್ಲ. ನೀವೇ ನಿಮ್ ಕೈಯಾರ ಉಳ ತಿನ್ಸಿದ್ದೀರಿ."

ಸಾಮಾನು ಹೊತ್ತ ಆಟೋ ಹೊರಡುವಾಗ ಅವ್ವ ಪುಟ್ತಾಯಿಯ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೂತವಳು ಮತ್ತೆ ಇಳಿದು, ಸ್ಟೆಪ್ನಿಯ ಬಾಟಲಿ ಹಿಡಿದು ಜಗಲಿಗೆ ಹೋದಳು. "ತಗೊಳಿ, ಇವ್ಳು ಅಂಜ್ತಾಳೆ. ಬಗ್ಗಿ ನೋಡ್ಬೇಡಿ, ದೂರ ಕುಂತ್ಕೊಂಡು ನೋಡಿ, ಆಡ್ತಾಳೆ." ಅವ್ವ ಅದನ್ನು ಕಟ್ಟೆಯ ಮೇಲಿಡಲಿಲ್ಲ, ಹಿಡಿದುಕೊಂಡೇ ನಿಂತಳು. ಗಿರಿಜಮ್ಮ ಎರಡೂ ಕೈ ಚಾಚಿ, ಅವ್ವನ ಬೆರಳುಗಳ ಮೇಲೇ ಬೆರಳಿಟ್ಟು, ಬಾಟಲಿ ತೆಗೆದುಕೊಂಡರು. ಅವರು ಅತ್ತದ್ದು ನಮಗಾಗಿಯೋ ಮೀನಿಗಾಗಿಯೋ ಎಂದು ನನಗೆ ಇವತ್ತಿಗೂ ತಿಳಿಯದು. ಅವ್ವ "ಎಲ್ಡಕ್ಕೂ ಇರ್ಬೋದು ಬುಡು" ಎನ್ನುತ್ತಾಳೆ. ಅವರ ಅಳಿಯ ಮಾತ್ರ ಬಂದ ಸುದ್ದಿ ನಾನು ಕೇಳಲಿಲ್ಲ.

ಪುಟ್ತಾಯಿ ನಮ್ಮ ಜೊತೆ ನರಸೀಪುರಕ್ಕೆ ಬಂದು, ಚಿಕ್ಕಮ್ಮನ ಮನೆಯ ಕಿಟಕಿಯಲ್ಲಿ ಕೂತು, ಬೀದಿಯ ಜನರನ್ನೆಲ್ಲ ಶಂಕಿಸುತ್ತ ಮುಪ್ಪಾದಳು. ಒಂದು ಬೆಳಿಗ್ಗೆ ಎಲೆಯ ಮೇಲೆ ಮಲಗಿದ್ದಳು, ಗಾಜು ತಟ್ಟಿದರೂ ಏಳಲಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ ನಾನು ಇದೇ ನರಸೀಪುರದಲ್ಲಿ ಸಾಲಸೋಲ ಮಾಡಿ ಮನೆ ಕಟ್ಟಿಸಿದೆ. ಗೃಹಪ್ರವೇಶದ ದಿನ ಅವ್ವ ಟ್ರಂಕಿನ ತಳದಿಂದ ಬುದ್ಧನ ಪಟ ತೆಗೆದು, ಬಾಗಿಲು ತೆರೆದರೆ ಎದುರಿಗೇ ಕಾಣುವ ಗೋಡೆಗೆ ಮೊಳೆ ಹೊಡೆಸಿ ತೂಗುಹಾಕಿದಳು.

ಹೋದ ಭಾನುವಾರ ಮಧ್ಯಾಹ್ನ ಮನೆ ನೋಡುವವರು ಬಂದರು. ಗಂಡ ಯಾವುದೋ ಆಫೀಸಿನಲ್ಲಿ ಗುಮಾಸ್ತ, ಹೆಂಡತಿ ನರ್ಸು. ಮೇಲಿನ ಮನೆ ನೋಡಿದರು, ನಲ್ಲಿ ತಿರುಗಿಸಿದರು, ಮೆಚ್ಚಿದರು. ಕೆಳಗೆ ಬಂದು ಕೂತ ಮೇಲೆ, ನಿಜ ಹೇಳುತ್ತೇನೆ, ನನ್ನ ಮೂಗಿನ ಹೊಳ್ಳೆ ತಾನೇ ಅಗಲವಾಯಿತು. ಯಾರೋ, ಎಂಥವರೋ, ಏನು ಮುಚ್ಚಿಡುತ್ತಿದ್ದಾರೋ ಎಂದು ಒಳಗೆ ಒಂದು ಹುಳ ಓಡಾಡಿತು. "ನಿಮ್ಮ..." ಎಂದು ಶುರುಮಾಡಿದ್ದೆ ಕೂಡ. ಆ ಹುಡುಗಿ ನಾನು ಕೇಳುವ ಮೊದಲೇ, ಕಂಠಪಾಠ ಒಪ್ಪಿಸಿದ ಹಾಗೆ ಹೇಳಿದಳು:

"ನಮ್ಮನೆ ದೇವ್ರು ನಂಜುಂಡೇಶ್ವರ ಮೇಡಂ. ನಾವು ಮೊಟ್ಟೇನೂ ಮುಟ್ಟಲ್ಲ."

ಹೇಳುತ್ತ ಸೆರಗು ಸರಿಮಾಡಿಕೊಂಡಳು. ಆ ಕೈಯಿಂದ ವಾಸನೆ ಬಂತು. ಸೋಪು, ಸೋಪಿನ ಕೆಳಗೆ ನಿಂಬೆಹಣ್ಣು. ಮನಸ್ಸಿನಲ್ಲೇ ನನ್ನ ಕೆನ್ನೆಗೊಂದು ಕೊಟ್ಟುಕೊಂಡೆ.

"ನಿಂಬೆಹಣ್ಣು ಉಜ್ಜಿದ್ದೀರಾ?" ಎಂದು ಕೇಳಿದೆ.

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಗಂಡ ಎದ್ದು ಗೇಟಿನ ಕಡೆ ನೋಡಿದ. ನಾನು ಒಳಗೆ ಹೋಗಿ ಬೀಗದ ಕೈ ತಂದೆ. ಮೇಜಿನ ಮೇಲಿಡಲಿಲ್ಲ, ಅವಳ ಮುಂದೆ ಹಿಡಿದೆ. "ಉಗುರ ಸಂದಿಲಿ ಉರಿಯತ್ತೆ, ನಂಗೊತ್ತು. ಈ ಮನೇಲಿ ಅದನ್ನ ಉಜ್ಜಬೇಕಾಗಿಲ್ಲ" ಅಂದೆ.

ಅವಳು ನನ್ನನ್ನು ನಂಬಲಿಲ್ಲ. ನಂಬುವುದಾದರೂ ಹೇಗೆ? ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು, ನನ್ನ ಹಿಂದಿನ ಗೋಡೆಯ ಪಟವನ್ನು ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಅವ್ವ ಕೂಗಿದಳು, "ಯಾವ್ ಮೀನಂತೇ? ಕೇಳು ಅವ್ರ!"

ಆ ಹುಡುಗಿ ಸೆರಗಿನಿಂದ ಕೈ ಹೊರಗೆ ತೆಗೆದು ಬೀಗದ ಕೈ ತೆಗೆದುಕೊಂಡಳು.

"ಗೆಂಡೆ" ಅಂದಳು, ಬರೀ ಅಷ್ಟೇ.